ಉಪಕರಣ ಬಂತು, ಕೂರಿಸುವುದು ಎಲ್ಲಿ? ಬೋಟಿನ ಕ್ಯಾಬಿನ್‌ನ ಸಣ್ಣ ಹಲಗೆಯ ದೊಡ್ಡ ಪ್ರಶ್ನೆ

ಉಡುಪಿ: ಜೂನ್ 1ರಿಂದ ಜುಲೈ 31ರ ತನಕ, ಒಟ್ಟು 61 ದಿನ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಮಲ್ಪೆ, ಗಂಗೊಳ್ಳಿಯ ದಕ್ಕೆಗಳಲ್ಲಿ ಬೋಟುಗಳು ಸಾಲಾಗಿ ನಿಲ್ಲುವ ಈ ಎರಡು ತಿಂಗಳು ಬಲೆ ಸರಿಮಾಡುವ, ಎಂಜಿನ್ ಬಿಚ್ಚುವ, ಬಣ್ಣ ಬಳಿಯುವ ಕಾಲ. ಕ್ಯಾಬಿನ್‌ಗೆ ಹೊಸ ಜಿಪಿಎಸ್, ಫಿಶ್ ಫೈಂಡರ್, ವೈರ್‌ಲೆಸ್ ಸೆಟ್ ಹಾಕಿಸುವುದಿದ್ದರೂ ಇದೇ ಸಮಯ. ಆಗಸ್ಟ್ 1 ದಾಟಿದರೆ ಮತ್ತೆ ಯಾರಿಗೂ ಪುರುಸೊತ್ತು ಇಲ್ಲ.

ಈ ಕೆಲಸ ಈಗ ಬೋಟಿನ ಮಾಲಕರ ಖಾಸಗಿ ವ್ಯವಹಾರವಾಗಿ ಉಳಿದಿಲ್ಲ. ಸರ್ಕಾರವೇ ಟ್ರಾನ್ಸ್‌ಪಾಂಡರ್ ಕೊಡುತ್ತಿದೆ, ನಿಯಮಗಳು ಅದನ್ನು ಕೇಳುತ್ತಿವೆ, ಸಮುದ್ರದಲ್ಲಿ ಬೋಟು ಕಾಣೆಯಾದರೆ ಹುಡುಕುವವರು ಅದನ್ನೇ ನಂಬುತ್ತಾರೆ. ಆದರೆ ಉಪಕರಣ ಬೋಟಿಗೆ ಬಂದ ಮೇಲೆ ಅದನ್ನು ಎಲ್ಲಿ ಕೂರಿಸಬೇಕು, ಹೇಗೆ ಕೂರಿಸಬೇಕು, ವೈರ್ ಎಷ್ಟು ದಪ್ಪ ಇರಬೇಕು ಎನ್ನುವ ಚರ್ಚೆ ಎಲ್ಲೂ ಕಾಣುವುದಿಲ್ಲ. ಸಹಾಯಧನದ ಸುದ್ದಿ ದೊಡ್ಡದಾಗಿ ಬರುತ್ತದೆ. ಚುಕ್ಕಾಣಿಯ ಎದುರಿನ ಅರ್ಧ ಮೀಟರ್ ಹಲಗೆಯ ಸುದ್ದಿ ಬರುವುದಿಲ್ಲ. ಆಪತ್ತಿನಲ್ಲಿ ಉಪಕರಣ ಕೆಲಸ ಮಾಡುತ್ತದೋ ಇಲ್ಲವೋ ಎಂಬುದು ಬಹುಪಾಲು ತೀರ್ಮಾನವಾಗುವುದು ಆ ಹಲಗೆಯಲ್ಲೇ.

ಲೆಕ್ಕ ಏನು ಹೇಳುತ್ತದೆ?

2008ರ ಮುಂಬೈ ದಾಳಿಯ ಉಗ್ರರು ಬಂದದ್ದು 'ಕುಬೇರ್' ಎಂಬ ಮೀನುಗಾರಿಕಾ ಬೋಟನ್ನು ಅಪಹರಿಸಿ. ಆಮೇಲೆ 20 ಮೀಟರ್‌ಗಿಂತ ಉದ್ದದ ಬೋಟುಗಳಿಗೆ ಎಐಎಸ್, ಅಂದರೆ ತನ್ನ ಗುರುತು ಮತ್ತು ಜಾಗವನ್ನು ತಾನೇ ಸಾರುವ ಉಪಕರಣ, ಕಡ್ಡಾಯವಾಯಿತು. ಅದಕ್ಕಿಂತ ಸಣ್ಣ ಬೋಟುಗಳ ಪ್ರಶ್ನೆ ಹಾಗೆಯೇ ಉಳಿಯಿತು.

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಎರಡು ದಿನದಲ್ಲಿ ಸಂಪರ್ಕ ಕಳೆದುಕೊಂಡಿತು. ಅದರಲ್ಲಿ ಏಳು ಮಂದಿ ಮೀನುಗಾರರಿದ್ದರು. ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಮಹಾರಾಷ್ಟ್ರದ ಮಾಲ್ವಣ್ ಕಡಲಿನ ತಳದಲ್ಲಿ ಬೋಟಿನ ಅವಶೇಷ ಪತ್ತೆಹಚ್ಚಿದ್ದು 2019ರ ಮೇ ತಿಂಗಳಲ್ಲಿ. ಅವಘಡ ಹೇಗಾಯಿತು ಎಂಬುದು ಬೇರೆಯೇ ಪ್ರಶ್ನೆ. ಬೋಟು ಕೊನೆಗೆ ಎಲ್ಲಿತ್ತು ಎಂದು ತಿಳಿಯಲಿಕ್ಕೇ ನಾಲ್ಕೂವರೆ ತಿಂಗಳು ಬೇಕಾಯಿತು ಎಂಬುದನ್ನು ಜಿಲ್ಲೆ ಮರೆತಿಲ್ಲ.

2024ರ ಆಗಸ್ಟ್ 30ರಂದು ಪಾಲ್ಘರ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಚಾಲನೆ ಕೊಟ್ಟ ಯೋಜನೆ ಈ ಕೊರತೆಯನ್ನು ತುಂಬಲಿಕ್ಕೆಂದೇ ಬಂದದ್ದು. ಮತ್ಸ್ಯ ಸಂಪದ ಯೋಜನೆಯಡಿ 364 ಕೋಟಿ ರೂ. ವೆಚ್ಚದಲ್ಲಿ 13 ಕರಾವಳಿ ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 1 ಲಕ್ಷ ಬೋಟುಗಳಿಗೆ ಇಸ್ರೋ ಅಭಿವೃದ್ಧಿಪಡಿಸಿದ ಟ್ರಾನ್ಸ್‌ಪಾಂಡರ್ ಉಚಿತ. ಉಪಗ್ರಹದ ಮೂಲಕ ಸಂದೇಶ ಎರಡೂ ಕಡೆಗೆ ಹೋಗುತ್ತದೆ. 'ನಭಮಿತ್ರ' ಆ್ಯಪ್ ಮೂಲಕ ಹವಾಮಾನದ ಎಚ್ಚರಿಕೆ ಬರುತ್ತದೆ, ಅಪಾಯವಾದರೆ ಇಲ್ಲಿಂದ ಸಂದೇಶ ಹೋಗುತ್ತದೆ. 2025ರ ನವೆಂಬರ್‌ನಲ್ಲಿ ಕೇಂದ್ರ ಹೊರಡಿಸಿದ ವಿಶೇಷ ಆರ್ಥಿಕ ವಲಯದ ಮೀನುಗಾರಿಕೆ ನಿಯಮಗಳಲ್ಲೂ ಟ್ರಾನ್ಸ್‌ಪಾಂಡರ್‌ಗೆ ಒತ್ತು ಉಂಟು.

364 ಕೋಟಿಯನ್ನು 1 ಲಕ್ಷದಿಂದ ಭಾಗಿಸಿದರೆ ಒಂದು ಬೋಟಿಗೆ ಸರಾಸರಿ 36,400 ರೂಪಾಯಿ. ಸಾರ್ವಜನಿಕರ ದುಡ್ಡು. ಇದು ವ್ಯರ್ಥವಾಗಲಿಕ್ಕೆ ದೊಡ್ಡ ಭ್ರಷ್ಟಾಚಾರವೇ ಆಗಬೇಕೆಂದಿಲ್ಲ. ಕಿಲುಬು ಹಿಡಿದ ಒಂದು ವೈರ್ ಜಾಯಿಂಟ್ ಸಾಕು.

ಬ್ರಾಕೆಟ್ ಬೇಕಾ, ಹಲಗೆ ಕೊರೆಯಬೇಕಾ?

ಸಣ್ಣ ಬೋಟಿನ ಕ್ಯಾಬಿನ್ ಅಂದರೆ ಇಬ್ಬರು ನಿಂತರೆ ಮೂರನೆಯವನಿಗೆ ಜಾಗ ಇಲ್ಲ. ಎದುರಿಗೆ ಗಾಜು, ಗಾಜಿನ ಕೆಳಗೆ ಹಲಗೆ, ಹಲಗೆಯ ಮುಂದೆ ಚುಕ್ಕಾಣಿ. ಜಿಪಿಎಸ್, ಫಿಶ್ ಫೈಂಡರ್, ವೈರ್‌ಲೆಸ್, ಕಂಪಾಸ್, ಸ್ವಿಚ್‌ಗಳು, ಮೇಲಿಂದ ದೇವರ ಫೋಟೋ, ಮೊಬೈಲ್ ಚಾರ್ಜರ್ ಎಲ್ಲವೂ ಅಲ್ಲೇ ಇರಬೇಕು.

ಇಲ್ಲಿ ದಾರಿ ಎರಡೇ. ಒಂದು, ಉಪಕರಣದ ಜೊತೆ ಬರುವ ಬ್ರಾಕೆಟ್‌ನ್ನು ಹಲಗೆಗೆ ಸ್ಕ್ರೂ ಹೊಡೆದು ಅದರ ಮೇಲೆ ನಿಲ್ಲಿಸುವುದು. ಇನ್ನೊಂದು, ಹಲಗೆಯನ್ನು ಅಳತೆಗೆ ಸರಿಯಾಗಿ ಕತ್ತರಿಸಿ, ಪರದೆ ಮಾತ್ರ ಹೊರಗೆ ಕಾಣುವಂತೆ ಉಪಕರಣವನ್ನು ಒಳಗೆ ಕೂರಿಸುವುದು. ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಸ್ಟೀರಿಯೋ ಕೂತ ಹಾಗೆ. ಇದಕ್ಕೆ ಫ್ಲಶ್ ಮೌಂಟ್ ಎನ್ನುತ್ತಾರೆ.

ನೋಡಲಿಕ್ಕೆ ಎರಡನೆಯದೇ ಚಂದ. ಚಂದಕ್ಕೆ ಮಾತ್ರ ಅಲ್ಲ, ಅದರಲ್ಲಿ ನಿಜವಾದ ಲಾಭಗಳೂ ಉಂಟು. ಬೋಟು ಹೊಯ್ದಾಡುವಾಗ ಕೈ ಊರಲಿಕ್ಕೆ ಏನಾದರೊಂದು ಬೇಕು. ಬ್ರಾಕೆಟ್ ಮೇಲೆ ನಿಂತ ಪೆಟ್ಟಿಗೆ ಆ ಏಟಿಗೆ ಸಿಗುತ್ತದೆ, ಒಳಗೆ ಕೂತದ್ದು ಸಿಗುವುದಿಲ್ಲ. ಎಂಜಿನ್‌ನ ನಡುಕಕ್ಕೆ ಬ್ರಾಕೆಟ್‌ನ ಗುಂಡಿ ದಿನಾ ಸಡಿಲವಾಗುತ್ತದೆ, ಪರದೆ ಅದುರುತ್ತದೆ. ಹಿಂದಿನ ಪ್ಲಗ್‌ಗಳಿಗೆ ನೀರು ಹಾರುವುದು ಕಡಿಮೆ. ವೈರ್‌ಗಳು ಜೋತಾಡುವುದಿಲ್ಲ. ಬೋಟು ದಕ್ಕೆಯಲ್ಲಿ ಕಟ್ಟಿ ಹಾಕಿದ್ದಾಗ ಕಳ್ಳರಿಗೆ ಎರಡು ನಿಮಿಷದಲ್ಲಿ ಬಿಚ್ಚಿಕೊಂಡು ಹೋಗಲಿಕ್ಕೆ ಆಗುವುದಿಲ್ಲ.

ಹಾಗಾದರೆ ಎಲ್ಲವನ್ನೂ ಕೊರೆದು ಕೂರಿಸಿದರೆ ಆಯಿತಲ್ಲ? ಅಷ್ಟು ಸುಲಭ ಇಲ್ಲ.

ಕೊರೆದ ಹಲಗೆ ಮತ್ತೆ ಕೂಡುವುದಿಲ್ಲ

ಮೊದಲನೆಯ ತೊಡಕು ಅಳತೆಯದ್ದು. ಇಂದಿನ ಉಪಕರಣ ಐದು ವರ್ಷ ಬಾಳಿದರೆ ದೊಡ್ಡದು. ಹೊಸದು ತರುವಾಗ ಅದರ ಅಳತೆ ಬೇರೆ. ದೊಡ್ಡದಾದರೆ ತೂತು ಹಿಗ್ಗಿಸಬಹುದು, ಸಣ್ಣದಾದರೆ ಏನು ಮಾಡುವುದು? ಅದಕ್ಕೆ ತಿಳಿದವರು ಮಾಡುವ ಉಪಾಯ ಉಂಟು: ಡ್ಯಾಶ್‌ಬೋರ್ಡ್‌ನ ಮೂಲ ಹಲಗೆಯಲ್ಲಿ ದೊಡ್ಡ ಚೌಕವೊಂದನ್ನು ತೆಗೆದು, ಅದರ ಮೇಲೆ ನಾಲ್ಕು ಸ್ಕ್ರೂಗಳಲ್ಲಿ ಕೂರುವ ಬೇರೆ ತೆಳು ಹಲಗೆ ಇಟ್ಟು, ಉಪಕರಣವನ್ನು ಆ ತೆಳು ಹಲಗೆಗೆ ಕೂರಿಸುವುದು. ಮುಂದೆ ಉಪಕರಣ ಬದಲಾದರೆ ತೆಳು ಹಲಗೆ ಮಾತ್ರ ಬದಲಾಗುತ್ತದೆ, ಬೋಟಿನ ಮೈ ಹಾಗೆಯೇ ಉಳಿಯುತ್ತದೆ. ರಿಪೇರಿಗೆ ಹಿಂಬದಿಗೆ ಕೈ ಹಾಕಲಿಕ್ಕೂ ಅದೇ ಬಾಗಿಲು.

ಎರಡನೆಯದು ಆಳ. ಪೆಟ್ಟಿಗೆಯಲ್ಲಿ ಬರುವ ಕಾಗದದ ಮಾದರಿ ಮುಂಭಾಗದ ಉದ್ದ ಅಗಲ ಹೇಳುತ್ತದೆ. ಹಿಂದೆ ಪ್ಲಗ್ ಚಾಚುವ ಉದ್ದ, ಅಲ್ಲಿಂದ ಕೇಬಲ್ ಮಡಚಿಕೊಳ್ಳದೆ ಬಾಗಲಿಕ್ಕೆ ಬೇಕಾದ ಜಾಗ, ಇದನ್ನೂ ಸೇರಿಸಬೇಕು. ಸೇರಿಸದೆ ಕತ್ತರಿಸಿದರೆ ಉಪಕರಣ ಅರ್ಧ ಒಳಗೆ ಹೋಗಿ ನಿಲ್ಲುತ್ತದೆ, ಇಲ್ಲವೇ ಕೇಬಲ್ ಕತ್ತು ಹಿಸುಕಿಕೊಂಡು ಕೂರುತ್ತದೆ. ಕತ್ತು ಹಿಸುಕಿದ ಕೇಬಲ್ ದಕ್ಕೆಯಲ್ಲಿ ಕೆಲಸ ಮಾಡುತ್ತದೆ, ಸಮುದ್ರದಲ್ಲಿ ಕೈ ಕೊಡುತ್ತದೆ.

ಮೂರನೆಯದು ನೀರು. ಐಪಿ67 ಎಂದು ಬರೆದ ಉಪಕರಣ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ಒಳಗೆ ನೀರು ಹೋಗುವುದಿಲ್ಲ ಎಂಬುದು ಅದರ ಅರ್ಥ. ಆ ಭರವಸೆ ಉಪಕರಣಕ್ಕೆ, ಹಲಗೆಗೆ ಅಲ್ಲ. ಕತ್ತರಿಸಿದ ಪ್ಲೈವುಡ್‌ನ ಅಂಚು ಹಸಿ ಗಾಯದ ಹಾಗೆ. ಅಲ್ಲಿಗೆ ಎಪಾಕ್ಸಿ ಹಚ್ಚಿ ಮುಚ್ಚದಿದ್ದರೆ ಉಪ್ಪುನೀರು ಪದರಗಳ ನಡುವೆ ಇಳಿಯುತ್ತದೆ, ಎರಡು ಮಳೆಗಾಲಕ್ಕೆ ಹಲಗೆ ಉಬ್ಬುತ್ತದೆ, ಸ್ಕ್ರೂ ಹಿಡಿತ ಬಿಡುತ್ತದೆ. ಫೈಬರ್ ಆದರೆ ಸಣ್ಣ ತೂತು ಮೊದಲು ಕೊರೆಯದೆ ಸ್ಕ್ರೂ ಒತ್ತಿದಾಗ ಮೇಲ್ಪದರ ಬಿರಿಯುತ್ತದೆ. ಉಪಕರಣದ ಸುತ್ತ ರಬ್ಬರ್ ಗ್ಯಾಸ್ಕೆಟ್ ಇದ್ದರೆ ಅದೇ ನೀರು ತಡೆಯಬೇಕು. ಅದರ ಮೇಲೆ ಸಿಲಿಕಾನ್ ಮೆತ್ತಿದರೆ ಮುಂದೆ ಬಿಚ್ಚುವಾಗ ಪರದೆಯ ಚೌಕಟ್ಟೇ ಒಡೆದು ಬರುತ್ತದೆ.

ನಾಲ್ಕನೆಯದು ಬಿಸಿ. ಎಪ್ರಿಲ್, ಮೇ ತಿಂಗಳ ಮಧ್ಯಾಹ್ನ ಗಾಜಿನ ಕೆಳಗಿನ ಕಪ್ಪು ಪೆಟ್ಟಿಗೆ ಮುಟ್ಟಲಿಕ್ಕೆ ಆಗುವುದಿಲ್ಲ. ಇಂಥ ಹಲವು ಉಪಕರಣಗಳ ಕೈಪಿಡಿ ಹೇಳುವ ಮಿತಿ 55 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಬ್ರಾಕೆಟ್ ಮೇಲಿದ್ದರೆ ನಾಲ್ಕೂ ಕಡೆ ಗಾಳಿ. ಒಳಗೆ ಕೂರಿಸಿದರೆ ಬೆನ್ನಿಗೆ ಗಾಳಿ ಇಲ್ಲ. ಹಲಗೆಯ ಹಿಂದಿನ ಜಾಗ ಪೂರ್ತಿ ಮುಚ್ಚಿದ್ದರೆ ಪರದೆ ಮಂಕಾಗುತ್ತದೆ, ತಾನೇ ಆರಿಹೋಗುತ್ತದೆ. ನೀರು ಬೀಳದ ಕಡೆ, ಕೆಳಮುಖವಾಗಿ, ಒಂದೆರಡು ಗಾಳಿಕಿಂಡಿ ಬಿಡಲೇಬೇಕು.

ಐದನೆಯದು ಈ ಕರಾವಳಿಗೆ ವಿಶೇಷವಾಗಿ ಅನ್ವಯಿಸುವ ಸಂಗತಿ. ಇಲ್ಲಿ ಸಮುದ್ರ ಪಶ್ಚಿಮಕ್ಕೆ. ಸಂಜೆ ಬಂದರಿಗೆ ವಾಪಸಾಗುವ ಬೋಟಿನ ಮುಖ ಪೂರ್ವಕ್ಕೆ, ಸೂರ್ಯ ಬೆನ್ನಿಗೆ. ಹಿಂಬದಿ ತೆರೆದ ಕ್ಯಾಬಿನ್ ಆದರೆ ಆ ಇಳಿಬಿಸಿಲು ನೇರ ಪರದೆಯ ಮೇಲೆ. ಸೇಂಟ್ ಮೇರೀಸ್ ದ್ವೀಪದ ಆಸುಪಾಸಿನ ಬಂಡೆಗಳು, ಅಳಿವೆ ಬಾಗಿಲು, ಎದುರಿನಿಂದ ಬರುವ ಬೋಟುಗಳು ಎಲ್ಲ ಇರುವುದು ಈ ಕೊನೆಯ ದಾರಿಯಲ್ಲೇ. ಬ್ರಾಕೆಟ್ ಆದರೆ ಪರದೆಯನ್ನು ಸ್ವಲ್ಪ ತಿರುಗಿಸಬಹುದು. ಒಳಗೆ ಕೂತ ಪರದೆಗೆ ಒಂದೇ ಕೋನ, ಅದೂ ಕತ್ತರಿಸಿದ ದಿನವೇ ನಿಶ್ಚಯ. ಆದ್ದರಿಂದ ಜಿಗ್‌ಸಾ ಕೈಗೆ ತೆಗೆದುಕೊಳ್ಳುವ ಮೊದಲು ರಟ್ಟಿನ ತುಂಡನ್ನು ಪರದೆಯ ಅಳತೆಗೆ ಕತ್ತರಿಸಿ ಅಂಟಿಸಿ, ತಾಂಡೇಲ ನಿಂತೂ ಕೂತೂ ನೋಡುವುದು ಒಳ್ಳೆಯದು. ಖರ್ಚು ಏನೂ ಇಲ್ಲ.

ಒಳಗೆ ಕೂರಿಸಲೇಬಾರದ್ದು ಯಾವುದು?

ನೋಡುವ ಉಪಕರಣ ಬೇರೆ, ಮಾತಾಡುವ ಉಪಕರಣ ಬೇರೆ. ಜಿಪಿಎಸ್ ಪರದೆ, ಫಿಶ್ ಫೈಂಡರ್ ಇವು ತಾಂಡೇಲನ ಕಣ್ಣಿಗೆ ಬೇಕಾದವು, ಹಲಗೆಯೊಳಗೆ ಕೂರಬಹುದು. ಟ್ರಾನ್ಸ್‌ಪಾಂಡರ್ ಮಾತಾಡುವುದು ಉಪಗ್ರಹದ ಜೊತೆ. ಅದರ ಆಂಟೆನಾಗೆ ತೆರೆದ ಆಕಾಶ ಬೇಕು. ಕಬ್ಬಿಣದ ಛಾವಣಿಯ ಅಡಿಯಲ್ಲಿ, ತಗಡಿನ ಪೆಟ್ಟಿಗೆಯಲ್ಲಿ, ಕಟ್ಟಿಟ್ಟ ಬಲೆಯ ರಾಶಿಯ ಪಕ್ಕದಲ್ಲಿ ಅದನ್ನು ಭದ್ರ ಮಾಡಿದರೆ ಅದು ಭದ್ರವಾಗಿಯೂ ಇರುತ್ತದೆ, ಮೂಕವಾಗಿಯೂ ಇರುತ್ತದೆ. ಮಳೆ ಬಿಸಿಲು ತಾಗುತ್ತದೆ ಎಂಬ ಕಾಳಜಿಯಿಂದ ಒಳಗಿಟ್ಟರೂ ಫಲ ಅದೇ.

ಆಪತ್ತಿನ ಗುಂಡಿಯ ವಿಷಯವೂ ಹೀಗೆಯೇ. ಅದು ಕೈಗೆ ಸಿಗಬೇಕು, ಆದರೆ ಮೈ ತಾಗಿ ಒತ್ತಿಹೋಗಬಾರದು. ಚುಕ್ಕಾಣಿ ಹಿಡಿದವನಿಗೆ ಮಾತ್ರ ಗೊತ್ತಿದ್ದರೆ ಸಾಲದು. ಬಲೆ ಎಳೆಯುವ ಕೊನೆಯ ಕಲಾಸಿಗೂ ಅದು ಎಲ್ಲುಂಟು, ಎಷ್ಟು ಹೊತ್ತು ಒತ್ತಬೇಕು ಎಂದು ಗೊತ್ತಿರಬೇಕು. ಹಲವು ಬೋಟುಗಳಲ್ಲಿ ಹೊರ ರಾಜ್ಯದ ಕೆಲಸಗಾರರು ಇರುವ ಈ ಕಾಲದಲ್ಲಿ ಗುಂಡಿಯ ಪಕ್ಕ ಕನ್ನಡದ ಜೊತೆ ಹಿಂದಿಯಲ್ಲೂ ಎರಡು ಸಾಲು ಬರೆದಿಟ್ಟರೆ ನಷ್ಟ ಇಲ್ಲ.

ವಿಎಚ್‌ಎಫ್ ವೈರ್‌ಲೆಸ್‌ನದ್ದು ಎತ್ತರದ ಲೆಕ್ಕ. ಈ ಅಲೆಗಳು ಹೆಚ್ಚುಕಡಿಮೆ ಕಣ್ಣಿನ ನೋಟದ ಹಾಗೆ ನೇರ ಹೋಗುತ್ತವೆ, ಭೂಮಿಯ ಉಬ್ಬು ಅಡ್ಡ ಬಂದರೆ ಮುಗಿಯಿತು. ಆಂಟೆನಾದ ಎತ್ತರದ (ಮೀಟರ್‌ನಲ್ಲಿ) ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಕಿಲೋಮೀಟರ್‌ನಲ್ಲಿ ದೂರ ಸಿಗುತ್ತದೆ. ನೀರಿನಿಂದ 3 ಮೀಟರ್ ಎತ್ತರದ ಆಂಟೆನಾ ಇರುವ ಎರಡು ಬೋಟುಗಳ ನಡುವೆ ಸುಮಾರು 14 ಕಿ.ಮೀ. ಅದನ್ನೇ 6 ಮೀಟರ್‌ಗೆ ಏರಿಸಿದರೆ ಸುಮಾರು 20 ಕಿ.ಮೀ. ಸೆಟ್ ಎಷ್ಟೇ ದುಬಾರಿಯದ್ದಾಗಲಿ, ಆಂಟೆನಾವನ್ನು ಕ್ಯಾಬಿನ್ ಬಾಗಿಲಿಗೆ ಕಟ್ಟಿದರೆ ಚಾನೆಲ್ 16ರಲ್ಲಿ ಕೂಗಿದ್ದು ಪಕ್ಕದ ಬೋಟಿಗೆ ಮಾತ್ರ.

ಕಂಪಾಸ್ ಪಕ್ಕ ಸ್ಪೀಕರ್ ಇಟ್ಟರೆ

ಜಿಪಿಎಸ್ ಬಂದ ಮೇಲೆ ಕಂಪಾಸ್ ನೋಡುವವರು ಕಡಿಮೆ. ಆದರೆ ಬ್ಯಾಟರಿ ಕೈ ಕೊಟ್ಟ ರಾತ್ರಿ ಕರೆಂಟಿಲ್ಲದೆ ದಡ ತೋರಿಸುವುದು ಅದೊಂದೇ. ವೈರ್‌ಲೆಸ್ ಸೆಟ್‌ನ ಸ್ಪೀಕರ್‌ನಲ್ಲಿ ಆಯಸ್ಕಾಂತ ಉಂಟು. ಕರೆಂಟು ಹರಿಯುವ ವೈರ್ ಸುತ್ತಲೂ ಕಾಂತಕ್ಷೇತ್ರ ಉಂಟು. ಜಾಗ ಇಲ್ಲ ಎಂದು ಕಂಪಾಸ್ ಪಕ್ಕದಲ್ಲೇ ಹಲಗೆ ಕೊರೆದು ಸೆಟ್ ಕೂರಿಸಿದರೆ ಮುಳ್ಳು ಸುಳ್ಳು ಹೇಳಲಿಕ್ಕೆ ಶುರು ಮಾಡುತ್ತದೆ. ಅದೂ ಸದಾ ಒಂದೇ ಸುಳ್ಳಲ್ಲ; ಸೆಟ್ ಆನ್ ಇದ್ದಾಗ ಒಂದು, ಆಫ್ ಇದ್ದಾಗ ಇನ್ನೊಂದು.

ಒಳ್ಳೆಯ ಉಪಕರಣಗಳ ಕೈಪಿಡಿಯಲ್ಲಿ ಕಂಪಾಸ್‌ನಿಂದ ಎಷ್ಟು ದೂರ ಇಡಬೇಕು ಎಂಬ ಅಳತೆ ಬರೆದಿರುತ್ತದೆ. ಪರೀಕ್ಷೆ ಸುಲಭ: ಬೋಟನ್ನು ದಕ್ಕೆಗೆ ಗಟ್ಟಿಯಾಗಿ ಕಟ್ಟಿ, ಒಂದೊಂದೇ ಉಪಕರಣವನ್ನು ಆನ್ ಆಫ್ ಮಾಡಿ ಮುಳ್ಳು ಅಲ್ಲಾಡುತ್ತದೋ ನೋಡುವುದು. ಅಲ್ಲಾಡಿದರೆ ಆ ಉಪಕರಣ ಅಲ್ಲಿ ಇರಬಾರದು. ಕೊರೆಯುವ ಮೊದಲು ಟೇಪ್ ಅಂಟಿಸಿ ಪರೀಕ್ಷಿಸಿದರೆ ಹಲಗೆ ಉಳಿಯುತ್ತದೆ.

ಕಾಣದ ಜಾಗದ ಕಥೆ: ವೈರ್

ಹಲಗೆಯ ಮುಂದೆ ಎಷ್ಟೇ ನೀಟಾಗಿ ಇರಲಿ, ತೊಂದರೆ ಶುರುವಾಗುವುದು ಹಿಂದೆ. 25 ವ್ಯಾಟ್‌ನ ವಿಎಚ್‌ಎಫ್ ಸೆಟ್ ಸುಮ್ಮನೆ ಕೇಳುತ್ತಿರುವಾಗ ತೆಗೆದುಕೊಳ್ಳುವ ಕರೆಂಟು ಅಲ್ಪ. ಮಾತಾಡಲಿಕ್ಕೆ ಗುಂಡಿ ಒತ್ತಿದಾಗ 5ರಿಂದ 6 ಆಂಪಿಯರ್ ಬೇಕು. ಬ್ಯಾಟರಿಯಿಂದ ಕ್ಯಾಬಿನ್‌ಗೆ 5 ಮೀಟರ್ ಎಂದಿಟ್ಟುಕೊಂಡರೆ ಹೋಗಿ ಬರುವ ದಾರಿ 10 ಮೀಟರ್. ಮನೆಯ ಲೈಟಿಗೆ ಹಾಕುವ 1.5 ಚದರ ಮಿ.ಮೀ. ವೈರ್ ಎಳೆದರೆ ದಾರಿಯಲ್ಲೇ 0.6 ವೋಲ್ಟ್‌ಗಿಂತ ಹೆಚ್ಚು ಕಳೆದುಹೋಗುತ್ತದೆ. 12 ವೋಲ್ಟ್‌ನಲ್ಲಿ ಅದು ಶೇ 5ರಷ್ಟು. 4 ಚದರ ಮಿ.ಮೀ. ವೈರ್ ಆದರೆ ನಷ್ಟ ಶೇ 2. ಸಂಚಾರ ಮತ್ತು ಸಂಪರ್ಕದ ಉಪಕರಣಗಳಿಗೆ ಶೇ 3ಕ್ಕಿಂತ ಹೆಚ್ಚು ನಷ್ಟ ಆಗಬಾರದು ಎಂಬುದು ಅಮೆರಿಕದ ಬೋಟು ನಿರ್ಮಾಣ ಮಾನದಂಡವಾದ ಎಬಿವೈಸಿ ಹೇಳುವ ಮಾತು.

ವೈರ್ ತೆಳುವಾದರೆ ಏನಾಗುತ್ತದೆ? ಸೆಟ್ ಆನ್ ಇರುತ್ತದೆ, ದೀಪ ಉರಿಯುತ್ತದೆ, ಬೇರೆಯವರ ಮಾತು ಕೇಳುತ್ತದೆ. ಅದರ ಮೇಲೆ ಬ್ಯಾಟರಿಯೂ ಅರ್ಧ ಇಳಿದಿದ್ದರೆ, ಮಾತಾಡಲು ಒತ್ತಿದ ಕೂಡಲೇ ವೋಲ್ಟೇಜ್ ಕುಸಿದು ಶಕ್ತಿ ಕಡಿಮೆಯಾಗುತ್ತದೆ, ಕೆಲವೊಮ್ಮೆ ಸೆಟ್ಟೇ ಆಫ್ ಆಗುತ್ತದೆ. ದಿನಾ ಕೇಳಲಿಕ್ಕೆ ಮಾತ್ರ ಬಳಸುವವರಿಗೆ ಇದು ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಕೂಗಬೇಕಾದ ದಿನ.

ಉಳಿದವು ಸಣ್ಣ ಸಣ್ಣ ವಿಷಯಗಳು, ಆದರೆ ಜೀವ ಇರುವುದು ಅಲ್ಲೇ. ಬರಿ ತಾಮ್ರದ ಎಳೆಗೆ ಉಪ್ಪುಗಾಳಿ ತಾಗಿದರೆ ಹಸಿರು ಕಿಲುಬು ಬರುತ್ತದೆ. ತವರ ಲೇಪಿಸಿದ ಮರೈನ್ ವೈರ್ ಹೆಚ್ಚು ಕಾಲ ಬಾಳುತ್ತದೆ. ಎರಡು ವೈರ್ ತಿರುಚಿ ಟೇಪ್ ಸುತ್ತುವುದು ಮನೆಯಲ್ಲೂ ಒಳ್ಳೆಯದಲ್ಲ, ಬೋಟಿನಲ್ಲಿ ಖಂಡಿತ ಅಲ್ಲ. ಉಪಕರಣದ ಹಿಂದೆ ವೈರ್ ನೇರ ಮೇಲಿನಿಂದ ಇಳಿದು ಬರಬಾರದು. ಒಮ್ಮೆ ಕೆಳಗೆ ಬಾಗಿ ಮತ್ತೆ ಮೇಲೇರಿ ಪ್ಲಗ್ ಸೇರಬೇಕು. ಆಗ ವೈರ್ ಹಿಡಿದು ಬಂದ ನೀರು ಬಾಗಿದಲ್ಲೇ ತೊಟ್ಟಿಕ್ಕುತ್ತದೆ. ಪ್ರತಿ ಉಪಕರಣಕ್ಕೆ ಬೇರೆ ಫ್ಯೂಸ್, ಬ್ಯಾಟರಿಯ ಬುಡದಲ್ಲೇ ಒಂದು ಮುಖ್ಯ ಫ್ಯೂಸ್. ಎಂಜಿನ್ ಸ್ಟಾರ್ಟ್ ಮಾಡುವಾಗ ಜಿಪಿಎಸ್ ಆಫ್ ಆಗಿ ಮತ್ತೆ ಆನ್ ಆಗುತ್ತಿದ್ದರೆ ಅದು ಜಿಪಿಎಸ್‌ನ ತಪ್ಪಲ್ಲ. ಸ್ಟಾರ್ಟರ್ ಮೋಟರ್ ವೋಲ್ಟೇಜನ್ನು ಎಳೆದು ಕೆಡವುತ್ತಿದೆ ಎಂದು ಅರ್ಥ. ಉಪಕರಣಗಳಿಗೆ ಪ್ರತ್ಯೇಕ ಬ್ಯಾಟರಿ ಇದ್ದರೆ ಈ ಕಿರಿಕಿರಿಯೂ ಇಲ್ಲ, ಎಂಜಿನ್ ಬ್ಯಾಟರಿ ಸತ್ತ ದಿನ ವೈರ್‌ಲೆಸ್ ಕೂಡ ಸಾಯುವ ಭಯವೂ ಇಲ್ಲ.

ನಾಡದೋಣಿಗೆ ಈ ಲೆಕ್ಕ ಹೊಂದುವುದಿಲ್ಲ

ಇಷ್ಟೆಲ್ಲ ಕ್ಯಾಬಿನ್ ಇರುವ ಬೋಟಿನ ಮಾತಾಯಿತು. ಮಳೆಗಾಲದ ಎರಡು ತಿಂಗಳು ಕಡಲಿಗೆ ಇಳಿಯುವವರು ಅವರಲ್ಲ. 10 ಅಶ್ವಶಕ್ತಿ ತನಕದ ಎಂಜಿನ್ ಹಾಕಿದ ನಾಡದೋಣಿಗಳಿಗೆ ನಿಷೇಧ ಇಲ್ಲ. ಕಡಲು ಅತಿ ಕೆಟ್ಟಿರುವ ಕಾಲದಲ್ಲಿ ಅತಿ ಸಣ್ಣ ದೋಣಿಗಳೇ ನೀರಲ್ಲಿ ಇರುತ್ತವೆ. ಅವುಗಳಲ್ಲಿ ಕ್ಯಾಬಿನ್ ಇಲ್ಲ, ಹಲಗೆ ಇಲ್ಲ. ಎಂಜಿನ್‌ನ ಹಿಡಿಯೇ ಚುಕ್ಕಾಣಿ. ಅಲ್ಲಿ ಎಲ್ಲಿ ಕೊರೆದು ಕೂರಿಸುವುದು?

ನಾಡದೋಣಿಗೆ ಬರುವ ಅಪಾಯವೂ ಬೇರೆ ರೀತಿಯದ್ದು. ಅಳಿವೆ ಬಾಗಿಲಲ್ಲಿ, ದಡದ ಅಲೆಗಳಲ್ಲಿ ದೋಣಿ ಮಗುಚುವುದಕ್ಕೆ ಕೆಲವೇ ಸೆಕೆಂಡ್ ಸಾಕು. ದೋಣಿಗೆ ಗಟ್ಟಿಯಾಗಿ ಕೂರಿಸಿದ ಉಪಕರಣ ದೋಣಿಯ ಜೊತೆಗೇ ಬುಡಮೇಲಾಗುತ್ತದೆ. ಅಲ್ಲಿ ಬೇಕಾದದ್ದು ಮೈಮೇಲೆ ಇರುವ ವಸ್ತು: ಲೈಫ್ ಜಾಕೆಟ್, ಅದಕ್ಕೆ ಕಟ್ಟಿದ ಸೀಟಿ, ನೀರಲ್ಲಿ ತೇಲುವ ಕೈ ವೈರ್‌ಲೆಸ್, ನೀರು ಹೋಗದ ಚೀಲದಲ್ಲಿ ಮೊಬೈಲ್. ಕೋಸ್ಟ್ ಗಾರ್ಡ್‌ನ 1554, ಕರಾವಳಿ ಕಾವಲು ಪೊಲೀಸರ 1093 ಎರಡೂ ಸಂಖ್ಯೆ ಆ ಮೊಬೈಲ್‌ನಲ್ಲಿ ಇರಬೇಕು. ಕ್ಯಾಬಿನ್ ಇರುವ ಬೋಟಿಗೂ ಇಲ್ಲದ ದೋಣಿಗೂ ಒಂದೇ ಉಪಕರಣದ ಪಟ್ಟಿ ಹಿಡಿದು ಯೋಜನೆ ಮಾಡಿದರೆ ಅತಿ ಅಗತ್ಯ ಇರುವವರಿಗೇ ಅದು ಮುಟ್ಟುವುದಿಲ್ಲ.

ಹೊಣೆ ಯಾರದ್ದು?

ಕೂರಿಸುವ ಕೆಲಸ ಮಾಡುವವರು ದಕ್ಕೆಯ ಎಲೆಕ್ಟ್ರಿಷಿಯನ್‌ಗಳು, ಬಡಗಿಗಳು. ಅವರ ಕೈಯಲ್ಲಿ ಕೆಲಸ ಉಂಟು. ಬೋಟಿನ ನಡುಕ, ಉಪ್ಪು, ಜಾಗದ ಇಕ್ಕಟ್ಟು ಇವು ಪುಸ್ತಕ ಓದಿದವರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಗೊತ್ತಾಗಬೇಕಾದದ್ದು ಅಳತೆ ಮತ್ತು ಮಾನದಂಡ. ಅದು ಇರುವುದು ಇಂಗ್ಲಿಷ್ ಕೈಪಿಡಿಗಳಲ್ಲಿ. ಉಪಕರಣದ ಪೆಟ್ಟಿಗೆ ಬಿಚ್ಚಿದ ಮೇಲೆ ಕೈಪಿಡಿ ಹೋಗುವುದು ಮಾಲಕರ ಮನೆಯ ಕಪಾಟಿಗೆ, ಕೆಲಸ ನಡೆಯುವುದು ದಕ್ಕೆಯಲ್ಲಿ.

ಇದನ್ನು ಸರಿಮಾಡಲಿಕ್ಕೆ ಕೋಟಿಗಟ್ಟಲೆ ಬೇಡ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜು ಉಂಟು. ಕೊಚ್ಚಿಯಲ್ಲಿ ಕೇಂದ್ರ ಸರ್ಕಾರದ್ದೇ ಸಿಫ್‌ನೆಟ್ ಎಂಬ ತರಬೇತಿ ಸಂಸ್ಥೆ ಉಂಟು. ಮೀನುಗಾರಿಕಾ ಬೋಟುಗಳ ತಾಂತ್ರಿಕ ಸಿಬ್ಬಂದಿಯನ್ನು ತಯಾರು ಮಾಡುವುದೇ ಅದರ ಕೆಲಸ. ರಜೆಯ 61 ದಿನಗಳಲ್ಲಿ ಮಲ್ಪೆಯಲ್ಲಿ ಎರಡು ದಿನ, ಗಂಗೊಳ್ಳಿಯಲ್ಲಿ ಎರಡು ದಿನ ಎಲೆಕ್ಟ್ರಿಷಿಯನ್‌ಗಳಿಗೆ ಕೈಕೆಲಸದ ತರಬೇತಿ ಕೊಟ್ಟು, ಒಂದು ಪುಟದ ಕನ್ನಡ ಪಟ್ಟಿ ಕೈಗಿಟ್ಟರೆ ನೂರಾರು ಬೋಟುಗಳ ಹಲಗೆ ಉಳಿಯುತ್ತದೆ.

ತಪಾಸಣೆಯ ರೀತಿಯೂ ಬದಲಾಗಬೇಕು. 1986ರ ಕರ್ನಾಟಕ ಸಾಗರ ಮೀನುಗಾರಿಕೆ (ನಿಯಂತ್ರಣ) ಕಾಯ್ದೆಯಡಿ ಬೋಟುಗಳಿಗೆ ಪರವಾನಗಿ ಬೇಕು. ಪರವಾನಗಿಯ ಹೊತ್ತಿಗೆ 'ಉಪಕರಣ ಉಂಟಾ?' ಎಂದು ಕೇಳುವುದಕ್ಕೂ 'ಆನ್ ಮಾಡಿ ತೋರಿಸಿ' ಎಂದು ಹೇಳುವುದಕ್ಕೂ ವ್ಯತ್ಯಾಸ ಉಂಟು. ಮೊದಲನೆಯದಕ್ಕೆ ಬಿಲ್ ಸಾಕು, ಎರಡನೆಯದಕ್ಕೆ ವೈರ್ ಸರಿ ಇರಬೇಕು. ಯೋಜನೆಯ ಪ್ರಗತಿ ವರದಿಯಲ್ಲೂ ಎಷ್ಟು ಟ್ರಾನ್ಸ್‌ಪಾಂಡರ್ ಹಂಚಿದ್ದು ಎಂಬ ಅಂಕಿಯ ಪಕ್ಕದಲ್ಲಿ ಒಂದು ವರ್ಷದ ನಂತರ ಎಷ್ಟು ಮಾತಾಡುತ್ತಿವೆ ಎಂಬ ಅಂಕಿಯೂ ಬೇಕು.

ಬೋಟಿನ ಮಾಲಕರ ಪಾಲೂ ಉಂಟು. ಫಿಶ್ ಫೈಂಡರ್‌ಗೆ ಲಕ್ಷ ಹಾಕಲಿಕ್ಕೆ ಹಿಂದೆಮುಂದೆ ನೋಡದವರು ವೈರ್‌ಗೆ ಸಾವಿರ ಹೆಚ್ಚು ಕೇಳಿದರೆ ಚೌಕಾಸಿ ಮಾಡುವುದುಂಟು. ಮೀನು ತೋರಿಸುವ ಪರದೆ ಹಲಗೆಯ ನಟ್ಟನಡುವೆ, ಜೀವ ಉಳಿಸುವ ಸೆಟ್ ಮೂಲೆಯಲ್ಲಿ ಗೋಣಿಚೀಲದ ಹಿಂದೆ ಎಂದಾದರೆ ಬೋಟಿನಲ್ಲಿ ಯಾವುದಕ್ಕೆ ಬೆಲೆ ಹೆಚ್ಚು ಎಂದು ಬೇರೆ ಯಾರೂ ಹೇಳಬೇಕಾಗಿಲ್ಲ.

ಆಗಸ್ಟ್ 1ರ ಮೊದಲು ನೋಡಬೇಕಾದ್ದು

* ಟ್ರಾನ್ಸ್‌ಪಾಂಡರ್ ಆಂಟೆನಾದ ಮೇಲೆ ಆಕಾಶ ಕಾಣುತ್ತದೋ, ತಗಡು ಕಾಣುತ್ತದೋ?
* ಎಂಜಿನ್ ಆಫ್ ಇರುವಾಗ ವೈರ್‌ಲೆಸ್‌ನಲ್ಲಿ ಅರ್ಧ ನಿಮಿಷ ಮಾತಾಡಿದರೆ ಸೆಟ್ ನಿಲ್ಲುತ್ತದೋ, ಉಳಿಯುತ್ತದೋ? ಈ ಪರೀಕ್ಷೆ ಚಾನೆಲ್ 16ರಲ್ಲಿ ಅಲ್ಲ, ಬೇರೆ ಚಾನೆಲ್‌ನಲ್ಲಿ ಆಗಬೇಕು. 16 ಆಪತ್ತಿಗೆ ಮೀಸಲು.
* ಒಂದೊಂದೇ ಉಪಕರಣ ಆನ್ ಮಾಡಿದಾಗ ಕಂಪಾಸ್ ಮುಳ್ಳು ಕದಲುತ್ತದೋ?
* ಹಲಗೆ ಕೊರೆದಿದ್ದರೆ ಅಂಚಿಗೆ ಎಪಾಕ್ಸಿ ಹಚ್ಚಿದೆಯೋ? ಹಿಂದೆ ಗಾಳಿ ಉಂಟೋ? ಕೈ ಹೋಗುತ್ತದೋ?
* ಆಪತ್ತಿನ ಗುಂಡಿ ಎಲ್ಲುಂಟು ಎಂದು ಬೋಟಿನ ಅತಿ ಹೊಸ ಕಲಾಸಿಯನ್ನು ಕೇಳಿದರೆ ಅವನು ಕೈ ತೋರಿಸುತ್ತಾನೋ?

ಈ ಐದಕ್ಕೂ ಉತ್ತರ ಕಂಡುಕೊಳ್ಳಲಿಕ್ಕೆ ಅರ್ಧ ದಿನ ಸಾಕು. ಉತ್ತರ ಸರಿ ಇಲ್ಲದಿದ್ದರೆ ಸರಿಮಾಡಲಿಕ್ಕೆ ರಜೆಯ ದಿನಗಳು ಇನ್ನೂ ಉಂಟು. ಕಡಲಿಗೆ ಇಳಿದ ಮೇಲೆ ಅದೇ ಕೆಲಸಕ್ಕೆ ಸಮಯವೂ ಇಲ್ಲ, ಎಲೆಕ್ಟ್ರಿಷಿಯನ್ನೂ ಇಲ್ಲ.